ಗಾಜಿನ ಮೇಲೆ ಮೂಡಿದ ಕಂದು ಬಣ್ಣ

ಮೆದುಳಿನಲ್ಲಿ ಗಡ್ಡೆ ಎಂದು ಗೊತ್ತಾದ ದಿನ ಮನೆಯವರು ಕೇಳುವುದು ಒಂದೇ ಮಾತು: 'ಉಳೀತಾರಾ ಡಾಕ್ಟ್ರೇ?' ಈ ಪ್ರಶ್ನೆಗೆ ಬಹಳ ಕಾಲ ಉತ್ತರ ಹುಡುಕಿದ್ದು ಮೈಕ್ರೋಸ್ಕೋಪಿನಲ್ಲಿ. 1926ರಲ್ಲಿ ಅಮೆರಿಕದ ಪರ್ಸಿವಲ್ ಬೈಲಿ ಮತ್ತು ಹಾರ್ವಿ ಕುಶಿಂಗ್ ಗ್ಲಯೋಮಾ ಎಂಬ ಮೆದುಳಿನ ಗಡ್ಡೆಗಳನ್ನು ಜೀವಕೋಶಗಳ ರೂಪ ನೋಡಿ ವಿಂಗಡಿಸಿದರು. ಕೋಶಗಳು ಎಷ್ಟು ವಿಕಾರಗೊಂಡಿವೆ, ಎಷ್ಟು ಬೇಗ ಒಡೆಯುತ್ತಿವೆ, ನಡುವೆ ಸತ್ತ ಭಾಗ ಇದೆಯೇ ಎಂಬುದನ್ನು ನೋಡಿ ಗ್ರೇಡ್ ಕೊಡುವ ಪದ್ಧತಿ ಮುಂದೆ ಬೆಳೆಯಿತು. ಪೆಥಾಲಜಿಸ್ಟರ ಆ ಪಳಗಿದ ಕಣ್ಣಿನ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ನೋಡಲು ಒಂದೇ ತೆರನಾದ ಗಡ್ಡೆಯಿದ್ದ ಇಬ್ಬರಲ್ಲಿ ಒಬ್ಬರು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು, ಇನ್ನೊಬ್ಬರು ಹಲವು ವರ್ಷ ಬದುಕುತ್ತಿದ್ದರು. ಏಕೆಂದು ಹೇಳಲು ಆ ಕಣ್ಣಿಗೆ ಆಗುತ್ತಿರಲಿಲ್ಲ.

1998ರಲ್ಲಿ ಕೆನಡಾದ ಗ್ರೆಗರಿ ಕೇರ್ನ್‌ಕ್ರಾಸ್ ಮತ್ತು ಸಂಗಡಿಗರಿಗೆ ಒಂದು ಸುಳಿವು ಸಿಕ್ಕಿತು. ಆಲಿಗೊಡೆಂಡ್ರೊಗ್ಲಯೋಮಾ ಎಂಬ ಬಗೆಯ ಗ್ಲಯೋಮಾಗಳಲ್ಲಿ 1 ಮತ್ತು 19ನೇ ಕ್ರೋಮೋಸೋಮುಗಳ ಒಂದೊಂದು ಭಾಗ ಕಳೆದುಹೋಗಿದ್ದರೆ ಅವು ಕಿಮೊಗೆ ಬೇಗ ಬಗ್ಗುತ್ತಿದ್ದವು. 2005ರಲ್ಲಿ ಮೋನಿಕಾ ಹೇಗಿ ಅವರ ತಂಡ, ಎಂಜಿಎಂಟಿ ಎಂಬ ಜೀನ್ ಮುಚ್ಚಿಹೋದ ಗಡ್ಡೆಗಳಿಗೆ ಟೆಮೊಜೊಲೊಮೈಡ್ ಔಷಧಿ ಚೆನ್ನಾಗಿ ನಾಟುತ್ತದೆ ಎಂದು ತೋರಿಸಿತು.

ಯಾರೂ ಎಣಿಸದಿದ್ದ ಸಂಗತಿ ಹೊರಬಿದ್ದದ್ದು 2008ರಲ್ಲಿ. ಜಾನ್ಸ್ ಹಾಪ್ಕಿನ್ಸ್ ವಿಜ್ಞಾನಿಗಳು ಗ್ಲಯೋಬ್ಲಾಸ್ಟೋಮಾ ಎಂಬ ಉಗ್ರ ಬಗೆಯ 22 ಗ್ಲಯೋಮಾಗಳ 20 ಸಾವಿರಕ್ಕೂ ಹೆಚ್ಚು ಜೀನ್‌ಗಳನ್ನು ಒಂದೊಂದಾಗಿ ಜಾಲಾಡಿದರು. ಕೆಲವುಗಳಲ್ಲಿ ಐಡಿಎಚ್1 ಜೀನ್ ಒಂದೇ ಜಾಗದಲ್ಲಿ ಕೆಟ್ಟಿತ್ತು. ಕೋಶದ ದಿನನಿತ್ಯದ ರಾಸಾಯನಿಕ ಕೆಲಸಕ್ಕೆ ಬೇಕಾದ ಒಂದು ಕಿಣ್ವದ ಜೀನ್ ಅದು. ಕ್ಯಾನ್ಸರಿನ ಸಂಬಂಧದಲ್ಲಿ ಅದರ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಮರುವರ್ಷ ಹೈ ಯಾನ್ ಮತ್ತಿತರರು ಲೆಕ್ಕ ಕೊಟ್ಟರು: ಈ ಬದಲಾವಣೆ ಇದ್ದ ಗ್ಲಯೋಬ್ಲಾಸ್ಟೋಮಾ ರೋಗಿಗಳ ಬದುಕಿನ ಮಧ್ಯಮ ಅವಧಿ 31 ತಿಂಗಳು, ಇಲ್ಲದವರದು 15.

ಆದರೆ ಜೀನ್ ಓದಿಸುವುದು ಎಲ್ಲ ಆಸ್ಪತ್ರೆಗಳ ಕೈಗೆಟುಕುವ ಕೆಲಸವಲ್ಲ. ಇಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಆಂಡ್ರಿಯಾಸ್ ಫಾನ್ ಡೈಮ್ಲಿಂಗ್ ತಂಡ ಮಾಡಿದ್ದನ್ನು ಈ ಕಥೆಯ ಅತಿ ದೊಡ್ಡ ಉಪಕಾರವೆಂದೇ ನಾನು ಎಣಿಸುತ್ತೇನೆ. ಗ್ಲಯೋಮಾಗಳ ಐಡಿಎಚ್1 ದೋಷಗಳಲ್ಲಿ ಸುಮಾರು ಶೇ 90ರಷ್ಟು ಒಂದೇ ಬಗೆಯವು. ಆ ಕೆಟ್ಟ ಪ್ರೋಟೀನಿಗೆ ಮಾತ್ರ ಅಂಟುವ ಆಂಟಿಬಾಡಿಯನ್ನು ಅವರು 2009ರಲ್ಲಿ ಸಿದ್ಧಪಡಿಸಿದರು. ಆಪರೇಷನ್ನಿನಲ್ಲಿ ತೆಗೆದ ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಕೊಯ್ದು, ಗಾಜಿನ ಮೇಲಿಟ್ಟು ಈ ಆಂಟಿಬಾಡಿಯಿಂದ ಬಣ್ಣ ಬರಿಸಿದರೆ ದೋಷವಿದ್ದ ಕೋಶಗಳು ಕಂದಾಗಿ ಎದ್ದು ಕಾಣುತ್ತವೆ. ಹಳೆಯ ಮೈಕ್ರೋಸ್ಕೋಪಿಗೇ ಹೊಸ ಕಣ್ಣು ಬಂತು.

ಬೆಂಗಳೂರಿನಲ್ಲೂ ನಿಮ್ಹಾನ್ಸ್‌ನ ವಾಣಿ ಸಂತೋಷ್, ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ಮುಂತಾದವರು ಇಲ್ಲಿನ ರೋಗಿಗಳ ಗಡ್ಡೆಗಳಲ್ಲಿ ಇಂಥ ಗುರುತುಗಳನ್ನು ಹುಡುಕುತ್ತ ಬಂದಿದ್ದಾರೆ.

2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗಡ್ಡೆಯ ಹೆಸರಿನೊಳಗೇ ಜೀನ್ ಸ್ಥಿತಿಯನ್ನು ಸೇರಿಸಿತು. 2021ರಿಂದ ಐಡಿಎಚ್ ದೋಷವಿರುವ ಗಡ್ಡೆಗೆ ಗ್ಲಯೋಬ್ಲಾಸ್ಟೋಮಾ ಎಂಬ ಹೆಸರೇ ಇಲ್ಲ. ಮುನ್ಸೂಚನೆಯ ಗುರುತಾಗಿದ್ದದ್ದು ಔಷಧಿಗೂ ಗುರಿಯಾಯಿತು: ಈ ದೋಷವನ್ನೇ ಹಿಡಿಯುವ ವೊರಾಸಿಡೆನಿಬ್‌ಗೆ 2024ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು.

ಓದುಗರಲ್ಲಿ ಒಂದು ವಿನಂತಿ. ನಿಮ್ಮವರಿಗೆ ಇಂಥ ಆಪರೇಷನ್ ಆಗಿದ್ದು, ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಲು ಹೊರಟಿದ್ದರೆ ಸ್ಕ್ಯಾನ್ ಫಿಲ್ಮ್ ಮಾತ್ರ ಹಿಡಿದು ಹೋಗಬೇಡಿ. ಈ ಗುರುತುಗಳನ್ನು ಹುಡುಕುವುದು ಗಡ್ಡೆಯ ಅಂಗಾಂಶದಲ್ಲಿ; ಅದನ್ನು ಹುದುಗಿಸಿದ ಮೇಣದ ಬ್ಲಾಕನ್ನೂ ಸ್ಲೈಡುಗಳನ್ನೂ ಆಸ್ಪತ್ರೆಯಿಂದ ಕೇಳಿ ಪಡೆದುಕೊಂಡು ಹೋಗಿ.