ಗೋಡೆಯ ಈಚೆ ವೈನ್, ಆಚೆ ಬ್ರೆಡ್

ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರದ ಪಶ್ಚಿಮ ಭಾಗದಲ್ಲಿ, ಸ್ಯಾನ್ ಪಾಬ್ಲೊ ಅವೆನ್ಯೂಗೆ ಸೀಡರ್ ಬೀದಿ ಬಂದು ಸೇರುವ ಮೂಲೆಯಲ್ಲಿ ಎರಡು ಅಂಗಡಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಒಂದು ಕರ್ಮಿಟ್ ಲಿಂಚ್ ವೈನ್ ಮರ್ಚೆಂಟ್, ಇನ್ನೊಂದು ಆಕ್ಮಿ ಬ್ರೆಡ್ ಕಂಪನಿ. ಪಕ್ಕದಲ್ಲಿ ಕಾರು ನಿಲ್ಲಿಸುವಷ್ಟು ಅಂಗಳ, ಎದುರಿಗೆ ಬಸ್ಸು ಲಾರಿಗಳ ಅಗಲವಾದ ರಸ್ತೆ. ನೋಡುವುದಕ್ಕೆ ಅಂಥ ಚೆಂದವೇನಿಲ್ಲ. ಆದರೂ ಕಳೆದ ನಾಲ್ಕು ದಶಕಗಳಲ್ಲಿ ಅಮೆರಿಕನ್ನರ ಊಟದ ಮೇಜು ಬದಲಾದ ಬಗೆಯನ್ನು ಬರೆದವರೆಲ್ಲ ಈ ಮೂಲೆಯನ್ನು ಒಮ್ಮೆಯಾದರೂ ಹಾದುಹೋಗಿದ್ದಾರೆ.

ಕರ್ನಾಟಕದ ಊರುಗಳಲ್ಲಿ ‘ವೈನ್ಸ್’ ಎಂದು ಫಲಕ ಹಾಕಿಕೊಂಡು ರಮ್ಮು ಬ್ರಾಂದಿ ಮಾರುವ ಅಂಗಡಿಗಳ ಚಿತ್ರವನ್ನು ಮನಸ್ಸಿನಿಂದ ಬದಿಗಿಟ್ಟು ಒಳಗೆ ಕಾಲಿಡಬೇಕು. ಇಲ್ಲಿ ಕಂಬಿಗಳ ಹಿಂದೆ ನಿಂತು ಕೈಚಾಚುವ ಗಿರಾಕಿಗಳಿಲ್ಲ. ನೆಲದ ಮೇಲೆ ಪೆಟ್ಟಿಗೆಗಳ ಸಾಲು, ಮೇಲಿನ ಪೆಟ್ಟಿಗೆಯ ಬಾಯಿ ತೆರೆದಿರುತ್ತದೆ, ಪಕ್ಕದಲ್ಲಿ ಊರು ಮತ್ತು ರೈತನ ಹೆಸರು ಹೇಳುವ ಚೀಟಿ. ಒಳಗಿನ ಗಾಳಿ ನೆಲಮಾಳಿಗೆಯಂತೆ ತಣ್ಣಗೆ. ಬಾಟಲಿಗಳೆಲ್ಲ ಫ್ರಾನ್ಸ್ ಮತ್ತು ಇಟಲಿಯವು. ಜಗತ್ತೇ ಹೊಗಳುವ ನಾಪಾ ಕಣಿವೆ ಕಾರಿನಲ್ಲಿ ಒಂದು ಗಂಟೆಯಷ್ಟೇ ದೂರವಿದ್ದರೂ ಅಲ್ಲಿನ ವೈನಿಗೆ ಇಲ್ಲಿ ಜಾಗವಿಲ್ಲ. ಅಂಗಡಿಯ ಮಾಲೀಕರೇ ಆಮದುದಾರರು. ತಾವು ತರಿಸಿದ್ದನ್ನಷ್ಟೇ ಮಾರುತ್ತಾರೆ. ದೇಶದ ಬೇರೆ ರಾಜ್ಯಗಳ ಅಂಗಡಿ, ಹೋಟೆಲುಗಳಿಗೂ ಇವರ ವೈನ್ ಹೋಗುತ್ತದೆ.

ಈ ವ್ಯಾಪಾರದ ಹುಟ್ಟು ವಿಚಿತ್ರ. 1960ರ ದಶಕದಲ್ಲಿ ಬರ್ಕ್ಲಿ ಅಮೆರಿಕದ ವಿದ್ಯಾರ್ಥಿ ಚಳವಳಿಗಳ ರಾಜಧಾನಿಯಾಗಿತ್ತು. 1964ರಲ್ಲಿ ಇಲ್ಲಿನ ವಿಶ್ವವಿದ್ಯಾಲಯದ ಆವರಣದಲ್ಲಿ ವಾಕ್ ಸ್ವಾತಂತ್ರ್ಯ ಚಳವಳಿ ಸಿಡಿಯಿತು. ಮರುವರ್ಷ ಮ್ಯಾಕ್ಸ್ ಶೆರ್ ಎಂಬವರು ‘ಬರ್ಕ್ಲಿ ಬಾರ್ಬ್’ ಎಂಬ ಬಂಡಾಯದ ವಾರಪತ್ರಿಕೆ ಶುರುಮಾಡಿದರು. ವಿಯೆಟ್ನಾಂ ಯುದ್ಧ, ಪೊಲೀಸರ ಲಾಠಿ, ಕಾಮ, ಸಂಗೀತ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಮುದ್ರಿಸುತ್ತಿದ್ದ ಪತ್ರಿಕೆ ಅದು. ಕರ್ಮಿಟ್ ಲಿಂಚ್ ಅದರಲ್ಲಿ ಕೆಲಸ ಮಾಡಿದವರು. ಆಮೇಲೆ ಹಳೆಯ ಪರ್ಷಿಯನ್ ಜಮಖಾನೆಗಳ ತುಂಡುಗಳಿಂದ ಕೈಚೀಲ ಹೊಲಿಸಿ ಮಾರುವ ಸಣ್ಣ ಉದ್ಯಮ ನಡೆಸಿ ಅದನ್ನೂ ಮಾರಿದರು. 1972ರಲ್ಲಿ ಗೆಳತಿಯಿಂದ 5,000 ಡಾಲರ್ ಸಾಲ ಪಡೆದು ಪಕ್ಕದ ಆಲ್ಬನಿ ಪಟ್ಟಣದಲ್ಲಿ ವೈನ್ ಅಂಗಡಿ ತೆರೆದರು. ಬರ್ಕ್ಲಿಯ ಈಗಿನ ಜಾಗಕ್ಕೆ ಬಂದದ್ದು 1980ರ ದಶಕದ ಆರಂಭದಲ್ಲಿ.

ಅಂಗಡಿಗೆ ಹೆಸರು ತಂದದ್ದು ಸಾಗಣೆಯ ಒಂದು ಸುಧಾರಣೆ. ಬರ್ಗಂಡಿಯ ವೊಲ್ನೇ ಎಂಬ ಹಳ್ಳಿಯಲ್ಲಿ ಉಬೆರ್ ದ ಮೊಂತೀ ಅವರ ನೆಲಮಾಳಿಗೆಯಲ್ಲಿ ಲಿಂಚ್ ರುಚಿ ನೋಡಿ ಮೆಚ್ಚಿದ್ದ ವೈನು ಕ್ಯಾಲಿಫೋರ್ನಿಯಾ ತಲುಪಿದಾಗ ಜೀವ ಕಳೆದುಕೊಂಡಿತ್ತು. ರೈತ ಮೋಸ ಮಾಡಿರಲಿಲ್ಲ. ಹಡಗು ಪನಾಮಾ ಕಾಲುವೆಯ ಉರಿಬಿಸಿಲು ದಾಟಿ ಬರುವಷ್ಟರಲ್ಲಿ ಕಬ್ಬಿಣದ ಪೆಟ್ಟಿಗೆಯೊಳಗೆ ವೈನ್ ಬೆಂದುಹೋಗಿತ್ತು. ಅಲ್ಲಿಂದ ಮುಂದೆ ಮಾಂಸ, ಹಣ್ಣು ಸಾಗಿಸುವ ಶೀತಲ ಕಂಟೇನರ್‌ನಲ್ಲೇ ವೈನ್ ಬರಬೇಕೆಂದು ಲಿಂಚ್ ಹಟ ಹಿಡಿದರು. ಖರ್ಚು ಹೆಚ್ಚೆಂದು ಉಳಿದ ವ್ಯಾಪಾರಿಗಳು ಆಗ ಕೈಬಿಟ್ಟಿದ್ದ ದಾರಿ ಅದು. ಒಳ್ಳೆಯ ಆಮದುದಾರರ ಪಾಲಿಗೆ ಇಂದು ಅದು ಮಾಮೂಲು ಪದ್ಧತಿ. ವೈನಿನ ಬಗ್ಗೆ ಲಿಂಚ್ ಬರೆದ ಪುಸ್ತಕಕ್ಕಿಂತಲೂ ಈ ತಣ್ಣನೆಯ ಪೆಟ್ಟಿಗೆಯೇ ಅವರ ದೊಡ್ಡ ಕೊಡುಗೆ ಎಂದರೆ ತಪ್ಪಾಗದು.

ಪುಸ್ತಕವೂ ಸಾಮಾನ್ಯದ್ದಲ್ಲ. 1988ರಲ್ಲಿ ಬಂದ ‘ಅಡ್ವೆಂಚರ್ಸ್ ಆನ್ ದ ವೈನ್ ರೂಟ್’ ಫ್ರಾನ್ಸಿನ ಹಳ್ಳಿಗಳ ನೆಲಮಾಳಿಗೆಗಳಲ್ಲಿ ತಿರುಗಾಡಿದ ವೃತ್ತಾಂತ. 1976ರಲ್ಲಿ ಲಿಂಚ್ ಅವರ ಜತೆ ದುಭಾಷಿಯಾಗಿ ಹೊರಟವರು ಪ್ರೊವಾನ್ಸ್‌ನಲ್ಲಿ ನೆಲೆಸಿದ್ದ ಅಮೆರಿಕನ್ ಪಾಕಶಾಸ್ತ್ರ ಲೇಖಕ ರಿಚರ್ಡ್ ಓಲ್ನಿ. ಮೆಡಿಟರೇನಿಯನ್ ತೀರದ ಬಾಂದೋಲ್‌ನಲ್ಲಿ ಮುರ್ವೆದ್ರ ಎಂಬ ಒಗರು ದ್ರಾಕ್ಷಿಯನ್ನು ಮತ್ತೆ ನೆಲೆಗೊಳಿಸಿದ ಲುಸಿಯೆನ್ ಮತ್ತು ಲುಲು ಪೇರೋ ದಂಪತಿಯ ದೊಮೇನ್ ತಾಂಪಿಯೇ ತೋಟದ ಬಾಗಿಲು ತೆರೆದದ್ದೂ ಓಲ್ನಿ ಅವರಿಂದಲೇ. ಲುಲು 2020ರಲ್ಲಿ 102ನೇ ವಯಸ್ಸಿನಲ್ಲಿ ತೀರಿಕೊಂಡರು. ಆಕೆಯ ಅಡುಗೆಮನೆಯ ಪ್ರಭಾವ ಬರ್ಕ್ಲಿಯ ಹಲವು ಬಾಣಸಿಗರ ಮೇಲೆ ಬಿದ್ದಿದೆ. ಬೊಜೊಲೆ ಪ್ರದೇಶದಲ್ಲಿ ರಾಸಾಯನಿಕಗಳಿಗೆ ಬೆನ್ನು ತಿರುಗಿಸಿದ ಮಾರ್ಸೆಲ್ ಲಾಪಿಯೇರ್ ಮತ್ತು ಮೂವರು ಗೆಳೆಯರಿಗೆ ‘ಗ್ಯಾಂಗ್ ಆಫ್ ಫೋರ್’ ಎಂಬ ಹೆಸರು ಅಂಟಿದ್ದು ಲಿಂಚ್ ಅವರಿಂದ. ಮಾವೋ ಕಾಲದ ಚೀನಾದ ರಾಜಕೀಯದಿಂದ ಎತ್ತಿಕೊಂಡ ಆ ಹೆಸರಿನಲ್ಲಿ ಹಳೆಯ ಪತ್ರಿಕೆಯವನ ತುಂಟತನ ಇಣುಕುತ್ತದೆ. 1998ರಲ್ಲಿ ಅವರು ಬ್ರೂನಿಯೇ ಕುಟುಂಬದ ಜತೆಗೂಡಿ ಜಿಗೊಂದಾಸ್‌ನಲ್ಲಿ ಲೆ ಪಾಲಿಯೇರ್ ತೋಟವನ್ನೇ ಕೊಂಡರು. 2005ರಲ್ಲಿ ಫ್ರಾನ್ಸ್ ಸರ್ಕಾರ ಅವರಿಗೆ ಲೀಜನ್ ಆಫ್ ಆನರ್ ಗೌರವ ನೀಡಿತು.

ಇನ್ನು ಗೋಡೆಯ ಆಚೆ. ಆಕ್ಮಿ ಬ್ರೆಡ್ ಶುರುವಾದದ್ದು 1983ರಲ್ಲಿ. ಸ್ಥಾಪಕ ಸ್ಟೀವ್ ಸಲ್ಲಿವನ್ ಅದಕ್ಕೂ ಮೊದಲು ಬರ್ಕ್ಲಿಯ ಶೇ ಪನೀಸ್ ಹೋಟೆಲಿನಲ್ಲಿ ಮೇಜು ಒರೆಸುವ, ತಟ್ಟೆ ಎತ್ತುವ ಹುಡುಗ. ಬ್ರಿಟನ್ನಿಗೆ ಹೋದಾಗ ಎಲಿಜಬೆತ್ ಡೇವಿಡ್ ಬರೆದ ಬ್ರೆಡ್ ಪುಸ್ತಕ ಕೊಂಡು ತಂದು, ಓದುತ್ತ ಮಾಡುತ್ತ ಕಲಿತು, ಹೋಟೆಲಿಗೆ ಬ್ರೆಡ್ ಸುಟ್ಟುಕೊಡುವವನಾದ. ಬೇಡಿಕೆ ಹೋಟೆಲಿನ ಒಲೆಗಳಿಗೆ ಮೀರಿದಾಗ ಹೆಂಡತಿ ಸೂಜಿ ಜತೆ ಸೇರಿ ಹೊರಬಂದು, ವೈನ್ ಅಂಗಡಿಯ ಮಗ್ಗುಲಲ್ಲೇ ಬೇಕರಿ ಹೂಡಿದರು.

ಆಕ್ಮಿಯ ಹುಳಿ ಬ್ರೆಡ್ಡಿನ ಹೆಪ್ಪಿಗೂ ವೈನಿಗೂ ನೇರ ನಂಟಿದೆ. ಸಲ್ಲಿವನ್ ಮೊದಲ ಹೆಪ್ಪು ಹಾಕಿದ್ದು ವೈನ್ ದ್ರಾಕ್ಷಿಯ ಸಿಪ್ಪೆಯ ಮೇಲೆ ಕೂರುವ ಕಾಡು ಹುದುಗನ್ನು ನಂಬಿ. ಹಿಟ್ಟು ನೀರು ಕಲಸಿ ಅದರಲ್ಲಿ ದ್ರಾಕ್ಷಿ ಅದ್ದಿಟ್ಟರೆ ಕೆಲವು ದಿನಗಳಲ್ಲಿ ಗುಳ್ಳೆಯೇಳುತ್ತದೆ. ಆಮೇಲೆ ದಿನವೂ ಹೊಸ ಹಿಟ್ಟು ಉಣಿಸುತ್ತ ಅದನ್ನು ಬದುಕಿಸಿಕೊಳ್ಳಬೇಕು. ಗೋಡೆಯ ಎರಡೂ ಬದಿಯಲ್ಲಿ ನಡೆಯುವ ಕ್ರಿಯೆ ಮೂಲತಃ ಒಂದೇ. ಹುದುಗು ಸಕ್ಕರೆಯನ್ನು ತಿಂದು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ವೈನ್ ಮಾಡುವವನು ಅನಿಲವನ್ನು ಹೋಗಗೊಟ್ಟು ಮದ್ಯಸಾರ ಉಳಿಸಿಕೊಳ್ಳುತ್ತಾನೆ. ಬ್ರೆಡ್ ಮಾಡುವವನು ಅನಿಲವನ್ನು ಹಿಟ್ಟಿನೊಳಗೆ ಹಿಡಿದಿಟ್ಟು ಉಬ್ಬಿಸುತ್ತಾನೆ. ಮದ್ಯಸಾರ ಒಲೆಯ ಕಾವಿಗೆ ಹಾರಿಹೋಗುತ್ತದೆ. ದೋಸೆ ಹಿಟ್ಟು ರಾತ್ರಿಯಿಡೀ ಹುಳಿಯುವುದನ್ನು ನೋಡಿದ ಕಣ್ಣಿಗೆ ಇದರಲ್ಲಿ ಅಚ್ಚರಿಯೇನೂ ಇರದು.

ಹಾಗೆ ನಿಧಾನವಾಗಿ ಹುಳಿದ ಹಿಟ್ಟಿನ ಬ್ರೆಡ್ಡಿಗೆ ದಪ್ಪ ಕಂದು ಹೊರಪದರ, ಒಳಗೆ ಒದ್ದೆಯೊದ್ದೆಯಾದ ತೂತುಗಳು, ನಾಲಿಗೆಗೆ ಹದವಾದ ಹುಳಿ. ಪ್ಲಾಸ್ಟಿಕ್ ಚೀಲದಲ್ಲಿ ಸಿಗುವ ಮೆತ್ತನೆಯ ಬಿಳಿ ಹೋಳುಗಳಿಗೆ ಒಗ್ಗಿದ್ದ ಅಮೆರಿಕದಲ್ಲಿ 1980ರ ದಶಕಕ್ಕೆ ಇದು ಹೊಸತು. ಬೇಕರಿ ಬೆಳೆಯಿತು. ಬರ್ಕ್ಲಿಯಲ್ಲೇ ಎರಡನೆಯ ಒಲೆಮನೆ, 2003ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫೆರ್ರಿ ಕಟ್ಟಡದಲ್ಲಿ ಮಳಿಗೆ. ಆದರೆ ಸುತ್ತಲ ಕೊಲ್ಲಿ ಪ್ರದೇಶ ಬಿಟ್ಟು ಆಚೆ ಹೋಗಲಿಲ್ಲ. ಸುಟ್ಟ ದಿನವೇ ತಿನ್ನಬೇಕಾದ ವಸ್ತುವನ್ನು ಒಯ್ಯುವ ಲಾರಿಗೆ ಒಂದು ಎಲ್ಲೆ ಇರಲೇಬೇಕು. ದೇಶದ ತುಂಬ ಹರಡುವ ಅವಕಾಶವಿದ್ದೂ ಬಿಟ್ಟುಕೊಟ್ಟದ್ದು ಬ್ರೆಡ್ಡಿನ ಮಟ್ಟಿಗಂತೂ ಸರಿಯಾದ ನಿರ್ಧಾರ.

ಬಹಳ ವರ್ಷ ಈ ಜೋಡಿಗೆ ಮೂರನೆಯದೊಂದೂ ಇತ್ತು. ಶೇ ಪನೀಸ್ ಹೋಟೆಲಿನ ಒಡತಿ ಆಲಿಸ್ ವಾಟರ್ಸ್ 1984ರಲ್ಲಿ ಇದೇ ಅಂಗಳದಲ್ಲಿ ಕೆಫೆ ಫ್ಯಾನಿ ತೆರೆದರು. ನಿಂತೇ ಕಾಫಿ ಕುಡಿಯುವ ಕಟ್ಟೆ, ಬಟ್ಟಲಿನಲ್ಲಿ ಹಾಲು ಕಾಫಿ, ಪಕ್ಕದ ಬೇಕರಿಯ ಬ್ರೆಡ್. ಕೂರಬೇಕೆಂದರೆ ಹೊರಗೆ ಕಾರುಗಳ ನಡುವೆ ಕೆಲವು ಮೇಜು. ವಾಟರ್ಸ್ ಮಗಳ ಹೆಸರು ಫ್ಯಾನಿ. ಮಗಳಿಗೂ ಹೋಟೆಲಿಗೂ ಹೆಸರು ಬಂದದ್ದು ಫ್ರೆಂಚ್ ಲೇಖಕ ಮಾರ್ಸೆಲ್ ಪಾನ್ಯೋಲ್‌ನ ಮಾರ್ಸೇ ಬಂದರಿನ ನಾಟಕ, ಸಿನಿಮಾಗಳ ಪಾತ್ರಗಳಿಂದ. 2012ರಲ್ಲಿ ಕೆಫೆ ಮುಚ್ಚಿದಾಗ ಊರಿನವರು ಸಂಕಟಪಟ್ಟರು. ಅದೇ ವರ್ಷ ಅದೇ ಜಾಗದಲ್ಲಿ ಬಾರ್ತವೆಲ್ ಎಂಬ ಕಾಫಿ, ವೈನ್ ಅಂಗಡಿ ಬಂತು. ಆ ಹೆಸರೂ ಪಾನ್ಯೋಲ್ ಪುಸ್ತಕದ್ದೇ.

ಈಗ ಮತ್ತೆ ವೈನಿನತ್ತ. ವೈನ್ ಅಂಗಡಿಗಳಲ್ಲಿ ವಾರಕ್ಕೊಮ್ಮೆ, ಹೆಚ್ಚಾಗಿ ಶನಿವಾರ ಮಧ್ಯಾಹ್ನ, ರುಚಿ ನೋಡುವ ಕೂಟ ನಡೆಸುವುದು ಅಮೆರಿಕದಲ್ಲಿ ಬೇರೂರಿದ ಪದ್ಧತಿ. ನಾಲ್ಕಾರು ಬಾಟಲಿಗಳ ಬಿರಡೆ ತೆಗೆದಿರುತ್ತಾರೆ. ಬಿಳಿಯಿಂದ ಕೆಂಪಿಗೆ, ಹಗುರದಿಂದ ಭಾರಕ್ಕೆ ಸಾಗುವುದು ಕ್ರಮ. ಬಾಯಾಡಿಸಿ ಉಗಿಯಲು ಒಂದು ಪಾತ್ರೆ, ನಡುನಡುವೆ ನಾಲಿಗೆ ತೊಳೆಯಲು ನೀರು ಮತ್ತು ಸಪ್ಪೆ ಬ್ರೆಡ್. ಮುರ್ವೆದ್ರದಂಥ ಒಗರು ವೈನ್ ಆದಮೇಲೆ ಬ್ರೆಡ್ ಕಚ್ಚದೆ ಮುಂದಿನ ಲೋಟ ಎತ್ತಿದರೆ ಅದರ ರುಚಿ ದಕ್ಕುವುದಿಲ್ಲ. ಪರಿಚಯದ ಮುಖಗಳು, ಅರ್ಧ ಗುಟುಕು, ಅಷ್ಟರಲ್ಲಿ ಚುನಾವಣೆಯ ಮಾತು.

ಕ್ಯಾಲಿಫೋರ್ನಿಯಾದ ಕಾನೂನು ಈ ಕೂಟಕ್ಕೆ ಸುಲಭವಾಗಿ ಬಿಟ್ಟುಕೊಟ್ಟಿಲ್ಲ. ಬಾಟಲಿ ಮಾರುವ ಪರವಾನಗಿ ಬೇರೆ, ಲೋಟಕ್ಕೆ ಸುರಿಯುವ ಪರವಾನಗಿ ಬೇರೆ. 2011ರಿಂದ ಜಾರಿಗೆ ಬಂದ ನಿಯಮದಂತೆ ಚಿಲ್ಲರೆ ಅಂಗಡಿಯಲ್ಲಿ ‘ಬೋಧನೆಯ’ ಹೆಸರಿನ ರುಚಿ ಕೂಟಕ್ಕೆ ಅನುಮತಿ ಪಡೆಯಬಹುದು. ಆದರೆ ಸುರಿಯುವವರು ತಯಾರಕರ ಅಥವಾ ಪೂರೈಕೆದಾರರ ಕಡೆಯವರಾಗಿರಬೇಕು. ಒಂದು ಸಲಕ್ಕೆ ಒಂದು ಔನ್ಸ್, ಅಂದರೆ ಸುಮಾರು 30 ಮಿಲಿಲೀಟರ್. ಒಬ್ಬರಿಗೆ ದಿನಕ್ಕೆ ಮೂರೇ ಸಲ. ಜಾಗವನ್ನು ಹಗ್ಗ ಕಟ್ಟಿಯಾದರೂ ಬೇರ್ಪಡಿಸಬೇಕು. ಇದಕ್ಕಿಂತ ಹೆಚ್ಚು ಬೇಕೆನ್ನುವ ಅಂಗಡಿಗಳು ವೈನ್ ಬಾರಿನ ಪರವಾನಗಿಯನ್ನೂ ತೆಗೆದುಕೊಳ್ಳುತ್ತವೆ. ಲಿಂಚ್ ಅವರ ಅಂಗಡಿ ಹೆಸರಾದದ್ದು ಇಂಥ ಕೂಟಕ್ಕಿಂತ ಹೆಚ್ಚಾಗಿ ತಿಂಗಳ ಪತ್ರಕ್ಕೆ. ಯಾವ ವೈನ್ ಬಂತು, ಬೆಲೆಯೆಷ್ಟು ಎಂಬ ಪಟ್ಟಿಯ ನಡುವೆ ಊಟ, ಪ್ರವಾಸ, ಜಗಳ ಎಲ್ಲವೂ ಅದರಲ್ಲಿರುತ್ತಿದ್ದವು. ಆಯ್ದ ಪತ್ರಗಳು 2004ರಲ್ಲಿ ‘ಇನ್‌ಸ್ಪೈರಿಂಗ್ ಥರ್ಸ್ಟ್’ ಎಂಬ ಪುಸ್ತಕವಾದವು. ವೈನಿಗೆ ನೂರಕ್ಕೆ ಇಂತಿಷ್ಟು ಅಂಕ ಕೊಡುವ ವಿಮರ್ಶಕರ ಚಾಳಿಯನ್ನೂ, ಸ್ವಚ್ಛವಾಗಿ ಕಾಣಲೆಂದು ವೈನನ್ನು ಸೋಸಿ ಸತ್ವ ಕಳೆಯುವುದನ್ನೂ ಲಿಂಚ್ ಬಿಡದೆ ಟೀಕಿಸಿದರು.

ಅಂಗಡಿಯಲ್ಲಿ ರಾಜಕೀಯದ ಮಾತು ಬರುವುದಕ್ಕೆ ಬರ್ಕ್ಲಿಯ ಗಾಳಿಯೊಂದೇ ಕಾರಣವಲ್ಲ. ಆಲಿಸ್ ವಾಟರ್ಸ್ ಕೂಡ ವಾಕ್ ಸ್ವಾತಂತ್ರ್ಯ ಚಳವಳಿಯ ಕಾಲದ ವಿದ್ಯಾರ್ಥಿನಿ. 1966ರಲ್ಲಿ ಯುದ್ಧವಿರೋಧಿ ಅಭ್ಯರ್ಥಿ ರಾಬರ್ಟ್ ಶೀರ್ ಪರವಾಗಿ ದುಡಿದವರು. ಶೀರ್ ಸೋತರು. ಅಂಥ ಸೋಲುಗಳ ನಂತರ ಊರಿನ ಹಲವು ತರುಣರು ಭಾಷಣ ಬಿಟ್ಟು ಅಡುಗೆ, ಚೀಸ್, ಕಾಫಿಯತ್ತ ಹೊರಳಿದರು. 1967ರಲ್ಲಿ ಹುಟ್ಟಿದ ಚೀಸ್ ಬೋರ್ಡ್ ಎಂಬ ಅಂಗಡಿ 1971ರಲ್ಲಿ ಕೆಲಸಗಾರರದ್ದೇ ಸಹಕಾರಿ ಸಂಸ್ಥೆಯಾಯಿತು. ಇವರು ರಾಜಕೀಯವನ್ನು ಮರೆತರು ಎಂದು ಮೂಗು ಮುರಿದವರಿದ್ದಾರೆ. ಯಾರು ಬೆಳೆದದ್ದು, ಹೇಗೆ ಬೆಳೆದದ್ದು, ಎಷ್ಟು ದೂರದಿಂದ ಬಂದದ್ದು ಎಂಬ ಪ್ರಶ್ನೆಗಳನ್ನು ಅಂಗಡಿಯ ಕಟ್ಟೆಯ ಮೇಲಿಟ್ಟದ್ದು ಇದೇ ಜನ ಎಂಬುದನ್ನು ಮೂಗು ಮುರಿಯುವವರು ಗಮನಿಸಿದಂತಿಲ್ಲ. ಈ ತಿಂಡಿಯೆಲ್ಲ ಬಡವರ ಕೈಗೆ ಎಟಕುವುದಿಲ್ಲ ಎಂಬ ಆಕ್ಷೇಪಕ್ಕೆ ಮಾತ್ರ ಬರ್ಕ್ಲಿಯ ಬಳಿ ಇಂದಿಗೂ ಗಟ್ಟಿ ಉತ್ತರವಿಲ್ಲ.

ಹೊರದೇಶದ ವೈನ್ ತರಿಸುವವನಿಗೆ ರಾಜಕೀಯ ಬೇಡವೆಂದರೂ ಬಿಡುವುದಿಲ್ಲ. 1920ರಿಂದ 1933ರವರೆಗಿನ ಪಾನನಿಷೇಧ ಮುಗಿದಾಗ ಮದ್ಯದ ಅಧಿಕಾರ ಬಹುಮಟ್ಟಿಗೆ ರಾಜ್ಯಗಳ ಕೈಗೆ ಹೋಯಿತು. ಹಾಗಾಗಿ ಒಂದು ರಾಜ್ಯದ ನಿಯಮ ಇನ್ನೊಂದಕ್ಕಿಲ್ಲ. 2019ರ ಅಕ್ಟೋಬರ್‌ನಲ್ಲಿ ವಿಮಾನ ತಯಾರಿಕೆಯ ಸಹಾಯಧನದ ಜಗಳದಲ್ಲಿ ಅಮೆರಿಕ ಫ್ರಾನ್ಸ್, ಸ್ಪೇನ್, ಜರ್ಮನಿ, ಬ್ರಿಟನ್ನಿನ ವೈನಿಗೆ ಶೇಕಡಾ 25ರ ಸುಂಕ ಹೇರಿತು. ಮದ್ಯಸಾರ ಶೇಕಡಾ 14ನ್ನು ಮೀರದ ವೈನಿಗಷ್ಟೇ ಆಗ ಅದು ಅನ್ವಯ. ಸೌಮ್ಯವಾದ ಬರ್ಗಂಡಿಗೆ ದಂಡ, ಅಮಲು ಹೆಚ್ಚಿರುವ ದಕ್ಷಿಣದ ವೈನಿಗೆ ಮಾಫಿ. ಇಟಲಿ ಪಾರಾಯಿತು. ಏರ್‌ಬಸ್ ವಿಮಾನಕ್ಕೂ ಬೊಜೊಲೆಯ ರೈತನಿಗೂ ಏನು ಸಂಬಂಧವೆಂದು ವ್ಯಾಪಾರಿಗಳು ಕೇಳಿದರು. 2021ರಲ್ಲಿ ಆ ಸುಂಕ ತಡೆಹಿಡಿಯಲಾಯಿತು. 2025ರ ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರಂಪ್ ಯುರೋಪಿನ ವೈನಿಗೆ ಶೇಕಡಾ 200ರ ಸುಂಕದ ಬೆದರಿಕೆ ಹಾಕಿದರು; ಆಗಸ್ಟ್‌ನಲ್ಲಿ ಜಾರಿಗೆ ಬಂದದ್ದು ಶೇಕಡಾ 15. ಕಂಟೇನರ್ ಸಮುದ್ರದಲ್ಲಿರುವಾಗಲೇ ಬೆಲೆಯ ಲೆಕ್ಕ ಬುಡಮೇಲಾಗುವ ಇಂಥ ಕಾಲದಲ್ಲಿ ಸಣ್ಣ ಅಂಗಡಿಯವನು ದಿನಪತ್ರಿಕೆ ಓದದೆ ಬಾಟಲಿಗೆ ಬೆಲೆಚೀಟಿ ಅಂಟಿಸುವಂತಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಕನ್ನಡಿಗರಿಗೆ ಈ ಮೂಲೆ ದೂರವಲ್ಲ. ಫ್ರೀಮಾಂಟ್ ಕಡೆಯಿಂದ ರಿಚ್ಮಂಡ್‌ಗೆ ಹೋಗುವ ಬಾರ್ಟ್ ರೈಲು ಹತ್ತಿ ನಾರ್ತ್ ಬರ್ಕ್ಲಿಯಲ್ಲಿ ಇಳಿದರೆ ಅಲ್ಲಿಂದ ಪಶ್ಚಿಮಕ್ಕೆ ನಡೆದೇ ತಲುಪಬಹುದು. ವೈನ್ ಕೊಳ್ಳಲು 21 ವರ್ಷ ತುಂಬಿರಬೇಕು, ಗುರುತಿನ ಚೀಟಿ ಜತೆಗಿರಲಿ. ಕುಡಿಯದವರೂ ಬ್ರೆಡ್ಡಿಗಾಗಿ ಹೋಗಿಬರಬಹುದು. ಬೇಕಾದ ಬಗೆ ಖಾಲಿಯಾಗುವ ಮೊದಲೇ, ಬೆಳಗ್ಗೆಯೇ ಹೋಗುವುದು ಒಳ್ಳೆಯದು.