ಬ್ರೆಡ್ ಯಂತ್ರಕ್ಕೆ ಕರಾವಳಿಯ ಯೀಸ್ಟ್ ಲೆಕ್ಕ

ರಾತ್ರಿ ಅರೆದಿಟ್ಟ ಇಡ್ಲಿ ಹಿಟ್ಟು ಎಷ್ಟು ಹೊತ್ತಿಗೆ ಉಬ್ಬಿ ಬರುತ್ತದೆ ಎಂಬುದನ್ನು ಉಡುಪಿ ಸೀಮೆಯ ಮನೆಗಳಲ್ಲಿ ಗಡಿಯಾರ ನೋಡಿ ತೀರ್ಮಾನಿಸುವ ರೂಢಿಯಿಲ್ಲ. ಏಪ್ರಿಲ್ ತಿಂಗಳ ಸೆಕೆಯಲ್ಲಿ ತಡವಾಗಿ ಅರೆಯುತ್ತಾರೆ. ಆಟಿ ತಿಂಗಳ ಜಡಿಮಳೆಯಲ್ಲಿ ಸಂಜೆಗೇ ಅರೆದು ಪಾತ್ರೆಯನ್ನು ಒಲೆಯ ಬಳಿ ಬೆಚ್ಚಗಿಡುತ್ತಾರೆ. ಹಿಟ್ಟು ಹದಕ್ಕೆ ಬಂದ ಮೇಲೆಯೇ ಇಡ್ಲಿ ಪಾತ್ರೆ ಒಲೆಗೇರುವುದು. ಬ್ರೆಡ್ ಯಂತ್ರದಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಈಗ ಪ್ಯಾನಸೋನಿಕ್ ಎನಿಸಿಕೊಂಡಿರುವ ಜಪಾನಿನ ಮತ್ಸುಶಿತಾ ಕಂಪನಿ 1987ರಲ್ಲಿ ಮನೆಬಳಕೆಯ ಯಂತ್ರವನ್ನು ಮಾರುಕಟ್ಟೆಗೆ ತಂದಾಗ, ಅದನ್ನು ರೂಪಿಸಿದವರು ಒಸಾಕಾದ ಹೋಟೆಲೊಂದರ ಬ್ರೆಡ್ ಬಾಣಸಿಗನ ಬಳಿ ಕಲಿತು, ಆತ ಹಿಟ್ಟನ್ನು ಎಳೆದು ತಿರುಚಿ ನಾದುವ ರೀತಿಯನ್ನು ಯಂತ್ರದ ರೆಕ್ಕೆಗೆ ಇಳಿಸಿದ್ದರು. ಬಾಣಸಿಗನ ಕೈ ಯಂತ್ರಕ್ಕೆ ಬಂತು, ಕಣ್ಣು ಬರಲಿಲ್ಲ. ನೀರು, ಮೈದಾ, ಉಪ್ಪು, ಸಕ್ಕರೆ, ಎಣ್ಣೆ, ಯೀಸ್ಟ್ ಹಾಕಿ ಗುಂಡಿ ಒತ್ತಿದರೆ ಮೂರು ನಾಲ್ಕು ಗಂಟೆಗಳಲ್ಲಿ ಅದು ನಾದಿ, ಉಬ್ಬಿಸಿ, ಬೇಯಿಸಿ ಕೊಡುತ್ತದೆ. ಹಿಟ್ಟು ಉಬ್ಬಿ ಮುಗಿದಿದೆಯೇ, ಇನ್ನೂ ಉಬ್ಬಬೇಕೇ ಎಂದು ನೋಡುವುದಿಲ್ಲ. ಇನ್ನೊಂದು ಮಿತಿಯೂ ಇದೆ. ಚಳಿಯಲ್ಲಿ ಹಿಟ್ಟನ್ನು ಬೆಚ್ಚಗಿಡಲು ಅದಕ್ಕೆ ಬರುತ್ತದೆ, ಸೆಕೆಯಲ್ಲಿ ತಣ್ಣಗಿಡಲು ಬರುವುದಿಲ್ಲ. ಹೀಗಾಗಿ ಸಮಯ ಯಂತ್ರದ್ದು, ಉಷ್ಣತೆ ಊರಿನದು. ನಮ್ಮ ಕೈಯಲ್ಲಿ ಉಳಿಯುವುದು ಯೀಸ್ಟಿನ ಬಗೆ, ಅದರ ಅಳತೆ ಮತ್ತು ನೀರಿನ ತಂಪು. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಅಡುಗೆಮನೆಯಲ್ಲಿ ಒಳ್ಳೆಯ ಬ್ರೆಡ್ ಆಗಬೇಕಾದರೆ ಈ ಮೂರನ್ನೂ ಇಲ್ಲಿನ ಹವೆಗೆ ತಕ್ಕಂತೆ ಬದಲಿಸಲೇಬೇಕು ಎಂಬುದು ನನ್ನ ವಾದ.

ಮೊದಲು ಉಷ್ಣತೆಯ ಮಾತು. ಬೇಕರಿಯಲ್ಲಿ ಯೀಸ್ಟ್ ಎಂದು ಕರೆಯುವುದು ಸ್ಯಾಕರೊಮೈಸಿಸ್ ಸೆರೆವಿಸಿಯೆ ಎಂಬ ಏಕಕೋಶ ಶಿಲೀಂಧ್ರವನ್ನು. ಹಿಟ್ಟಿನ ಸಕ್ಕರೆಯಂಶವನ್ನು ತಿಂದು ಅದು ಇಂಗಾಲದ ಡೈಆಕ್ಸೈಡನ್ನೂ ಆಲ್ಕೋಹಾಲನ್ನೂ ಬಿಡುತ್ತದೆ. ಆ ಗಾಳಿಯನ್ನು ಗೋಧಿಯ ಗ್ಲುಟೆನ್ ಜಾಲ ಹಿಡಿದಿಟ್ಟುಕೊಂಡಾಗ ಹಿಟ್ಟು ಉಬ್ಬುತ್ತದೆ. ಸಾಮಾನ್ಯ ಹವೆಯ ಮಿತಿಯಲ್ಲಿ ಉಷ್ಣತೆ ಹತ್ತು ಡಿಗ್ರಿ ಏರಿದರೆ ಈ ಕೆಲಸದ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. 22 ಡಿಗ್ರಿ ಸೆಲ್ಸಿಯಸ್‌ನ ಅಡುಗೆಮನೆಗೆಂದು ಬರೆದ ಅಳತೆಯನ್ನು 32 ಡಿಗ್ರಿಯ ಅಡುಗೆಮನೆಯಲ್ಲಿ ಹಾಗೆಯೇ ಹಾಕಿದರೆ ಏನಾಗುತ್ತದೆಂದು ಇದರಿಂದಲೇ ತಿಳಿಯುತ್ತದೆ. ಹಿಟ್ಟು ಬೇಗ ಏರಿ, ಜಾಲ ಹಿಗ್ಗುವಷ್ಟು ಹಿಗ್ಗಿ, ಯಂತ್ರ ಬೇಯಿಸತೊಡಗುವ ಮೊದಲೇ ಸುಸ್ತಾಗಿರುತ್ತದೆ. ಬಿಸಿ ತಾಗುತ್ತಿದ್ದಂತೆ ನೆತ್ತಿ ಕುಸಿಯುತ್ತದೆ, ಒಳಮೈಯಲ್ಲಿ ದೊಡ್ಡ ತೂತುಗಳು, ಬಾಯಲ್ಲಿ ಯೀಸ್ಟಿನ ಘಾಟು. ಬೇಕರಿಯವರು ಕಲಸಿದ ಹಿಟ್ಟು 24ರಿಂದ 27 ಡಿಗ್ರಿಯೊಳಗೆ ಇರಲೆಂದು ಬಯಸುತ್ತಾರೆ, ಅದಕ್ಕೊಂದು ಸರಳ ಲೆಕ್ಕವನ್ನೂ ಇಟ್ಟುಕೊಂಡಿದ್ದಾರೆ. ಬೇಕಾದ ಉಷ್ಣತೆಯನ್ನು ಮೂರರಿಂದ ಗುಣಿಸಿ, ಕೋಣೆಯ ಉಷ್ಣತೆ, ಒಣಹಿಟ್ಟಿನ ಉಷ್ಣತೆ, ನಾದುವಾಗ ಹುಟ್ಟುವ ಶಾಖದ ಅಂದಾಜು ಇವಿಷ್ಟನ್ನು ಕಳೆದರೆ ಉಳಿಯುವುದು ನೀರಿಗೆ ಇರಬೇಕಾದ ಉಷ್ಣತೆ. 26 ಡಿಗ್ರಿಯ ಹಿಟ್ಟು ಬೇಕೆಂದರೆ 78. ಏಪ್ರಿಲ್ ಮಧ್ಯಾಹ್ನ ಕೋಣೆಗೆ 32, ಡಬ್ಬಿಯ ಮೈದಾಕ್ಕೆ 32, ನಾದುವ ಶಾಖಕ್ಕೆ ಎಂಟು ಎಂದಿಟ್ಟುಕೊಂಡರೂ ನೀರಿಗೆ ಉಳಿಯುವುದು ಬರೇ ಆರು ಡಿಗ್ರಿ. ಎಂದರೆ ಫ್ರಿಜ್ಜಿನ ನೀರು. ಚಳಿದೇಶದ ಪಾಕವಿಧಾನ ಕೇಳುವ ಉಗುರುಬೆಚ್ಚಗಿನ ನೀರು ಕರಾವಳಿಯ ಬೇಸಿಗೆಯಲ್ಲಿ ಯಂತ್ರಕ್ಕೆ ಬೀಳಲೇಬಾರದು.

ತಣ್ಣೀರು ಹಾಕಿದರೆ ಯೀಸ್ಟ್ ಸಾಯುವುದಿಲ್ಲವೇ ಎಂಬ ಆಕ್ಷೇಪ ಸಹಜವಾದದ್ದು, ಅದರಲ್ಲಿ ಅರ್ಧ ಸತ್ಯವೂ ಇದೆ. ಯೀಸ್ಟನ್ನು ಕೊಲ್ಲುವುದು ಬಿಸಿ. 55-60 ಡಿಗ್ರಿ ದಾಟಿದರೆ ಅದು ಉಳಿಯದು. ತಂಪು ಅದನ್ನು ನಿಧಾನಗೊಳಿಸುತ್ತದೆ ಅಷ್ಟೆ. ಆದರೆ ಒಣಗಿಸಿದ ಯೀಸ್ಟ್ ನೀರು ಹೀರಿ ಮತ್ತೆ ಜೀವ ತುಂಬಿಕೊಳ್ಳುವ ಕ್ಷಣದಲ್ಲಿ ತೀರಾ ತಣ್ಣನೆಯ ನೀರು ನೇರವಾಗಿ ತಾಗಿದರೆ ಕೋಶದ ಪೊರೆ ಸರಿಯಾಗಿ ಬೆಸೆಯದೆ ಒಳಗಿನ ದ್ರವ್ಯ ಸೋರಿಹೋಗುತ್ತದೆ. ಅದಕ್ಕೇ ಪಾತ್ರೆಗೆ ಮೊದಲು ನೀರು, ಅದರ ಮೇಲೆ ಮೈದಾ, ಮೂಲೆಯಲ್ಲಿ ಉಪ್ಪು, ಮೈದಾದ ನಡುವೆ ಚಿಕ್ಕ ಗುಳಿ ಮಾಡಿ ಅದರಲ್ಲಿ ಯೀಸ್ಟ್. ಮೈದಾದೊಂದಿಗೆ ಬೆರೆತ ಮೇಲೆಯೇ ಯೀಸ್ಟಿಗೆ ತಂಪು ಮುಟ್ಟುವಂತಾಗುತ್ತದೆ. ಟೈಮರ್ ಇಟ್ಟು ರಾತ್ರಿಯಿಡೀ ಕಾಯಿಸುವಾಗಲಂತೂ ಈ ಅನುಕ್ರಮವನ್ನು ಮೀರಬಾರದು. ನಮ್ಮ ಸೆಕೆಯಲ್ಲಿ ಹಾಲು, ಮೊಟ್ಟೆ ಬೀಳುವ ಬ್ರೆಡ್ಡಿಗೆ ಟೈಮರ್ ಇಡುವುದೇ ಬೇಡ.

ಈಗ ಯಾವ ಯೀಸ್ಟ್? ಮೂರು ಬಗೆ ಸಿಗುತ್ತವೆ. ಬೇಕರಿಗಳು ಬಳಸುವ ಹಸಿ ಯೀಸ್ಟಿನ ಗಟ್ಟಿಯಲ್ಲಿ ಸುಮಾರು ಶೇ 70ರಷ್ಟು ನೀರೇ ಇರುತ್ತದೆ, ಫ್ರಿಜ್ಜಿನಲ್ಲಿಟ್ಟರೂ ಎರಡು ಮೂರು ವಾರಗಳಾಚೆ ನಂಬುವಂತಿಲ್ಲ. ದಿನಾ ಒಲೆ ಹಚ್ಚುವವರಿಗೆ ಸರಿ, ವಾರಕ್ಕೊಂದು ಬ್ರೆಡ್ ಮಾಡುವ ಮನೆಗಲ್ಲ. ದಪ್ಪ ಕಾಳಿನ ಆಕ್ಟಿವ್ ಡ್ರೈ ಯೀಸ್ಟಿನಲ್ಲಿ ಪ್ರತಿ ಕಾಳಿನ ಹೊರಪದರ ಸತ್ತ ಕೋಶಗಳದ್ದು. 40 ಡಿಗ್ರಿಯ ಆಸುಪಾಸಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿದರೇ ಒಳಗಿನದು ಎಚ್ಚರಗೊಳ್ಳುವುದು. ತಣ್ಣೀರು ಬೇಕೆನ್ನುವ ನಮ್ಮ ಲೆಕ್ಕಕ್ಕೂ ಬೆಚ್ಚನೆಯ ನೀರು ಕೇಳುವ ಈ ಯೀಸ್ಟಿಗೂ ಹೊಂದಿಕೆಯಾಗದು. ಸಣ್ಣ ಕಾಳಿನ ಇನ್‌ಸ್ಟಂಟ್ ಯೀಸ್ಟನ್ನು ನೆನೆಸಬೇಕಿಲ್ಲ, ಒಣಹಿಟ್ಟಿಗೇ ಬೆರೆಸಬಹುದು. ನಮ್ಮ ಹವೆಯಲ್ಲಿ ಯಂತ್ರಕ್ಕೆ ತಕ್ಕದ್ದು ಇದೇ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ಪಾಕವಿಧಾನದಲ್ಲಿ ಹತ್ತು ಗ್ರಾಂ ಹಸಿ ಯೀಸ್ಟ್ ಎಂದಿದ್ದರೆ ಇದು ಮೂರು ಮೂರೂವರೆ ಗ್ರಾಂ ಸಾಕು. ಅಮೆರಿಕದ ಪುಸ್ತಕಗಳು ಮೂರು ಕಪ್ ಮೈದಾಕ್ಕೆ ಏಳು ಗ್ರಾಮಿನ ಇಡೀ ಪೊಟ್ಟಣ ಸುರಿಯಲು ಹೇಳುವುದುಂಟು; ಇಲ್ಲಿ 400 ಗ್ರಾಂ ಮೈದಾಕ್ಕೆ ಒಂದು ಟೀ ಚಮಚ, ಎಂದರೆ ಸುಮಾರು ಮೂರು ಗ್ರಾಂ ಸಾಕಾಗುತ್ತದೆ, ಮಾರ್ಚ್‌ನಿಂದ ಮೇವರೆಗೆ ಮುಕ್ಕಾಲು ಚಮಚಕ್ಕೆ ಇಳಿಸಬೇಕು. ಉಪ್ಪನ್ನು ಮಾತ್ರ ಕಡಿಮೆ ಮಾಡಬಾರದು. ಹಿಟ್ಟಿನ ಶೇ 2ರ ಹತ್ತಿರದ ಉಪ್ಪು ರುಚಿಯ ಜತೆಗೆ ಯೀಸ್ಟಿನ ಓಟಕ್ಕೂ ಕಡಿವಾಣ. ಸಕ್ಕರೆ ಅಥವಾ ಬೆಲ್ಲ ಹಿಟ್ಟಿನ ಹತ್ತನೇ ಒಂದು ಪಾಲನ್ನು ಮೀರಿದರೆ ಅದು ಯೀಸ್ಟಿನ ನೀರನ್ನೇ ಎಳೆದುಕೊಂಡು ಅದನ್ನು ಸೊರಗಿಸುತ್ತದೆ. ಅಂಥ ಸಿಹಿ ಬ್ರೆಡ್ಡಿಗೆಂದೇ ಬೇರೆ ತಳಿಯ ಇನ್‌ಸ್ಟಂಟ್ ಯೀಸ್ಟ್ ಸಿಗುತ್ತದೆ.

ಯೀಸ್ಟ್ ಕಡಿಮೆ ಹಾಕಿದರೆ ಬ್ರೆಡ್ ಕಲ್ಲಾಗುತ್ತದೆ ಎನ್ನುವವರು ಹೆಚ್ಚಾಗಿ ಗೋಧಿ ಹಿಟ್ಟಿನ ಬ್ರೆಡ್ಡನ್ನು ಕಂಡು ಹಾಗೆ ಹೇಳುತ್ತಾರೆ. ಅಲ್ಲಿ ದೋಷ ಯೀಸ್ಟಿನದಲ್ಲ. ಚಪಾತಿ ಹಿಟ್ಟಿನ ತೌಡು ಗ್ಲುಟೆನ್ ಜಾಲವನ್ನು ಕತ್ತರಿಸುತ್ತದೆ, ಬೀಸುವ ಕಲ್ಲಿನಲ್ಲಿ ಜಜ್ಜಿದ ಪಿಷ್ಟ ಹೆಚ್ಚು ನೀರು ಕುಡಿಯುತ್ತದೆ. ಗಾಳಿ ಹಿಡಿಯುವ ಚೀಲವೇ ಹರಿದಿರುವಾಗ ಗಾಳಿ ಹೆಚ್ಚಿಸಿ ಪ್ರಯೋಜನವಿಲ್ಲ. ನೀರು ಹೆಚ್ಚಿಸಿ, ಕಲಸಿದ ಮೇಲೆ ಅರ್ಧ ಗಂಟೆ ಬಿಟ್ಟು ಮತ್ತೆ ನಾದಿಸಿ, ಅರ್ಧದಷ್ಟು ಮೈದಾ ಬೆರೆಸಿ ನೋಡಿದರೆ ಅದೇ ಒಂದು ಚಮಚ ಯೀಸ್ಟಿನಲ್ಲಿ ಬ್ರೆಡ್ ಹಗುರಾಗುತ್ತದೆ.

ಒಂದೇ ಜಿಲ್ಲೆಯೊಳಗೂ ಹವೆ ಒಂದೇ ಅಲ್ಲ. ಕಡಲಿಗೆ ಮುಖ ಮಾಡಿರುವ ಕಾಪುವಿನಲ್ಲಿ ಯೀಸ್ಟಿನ ಮುಖ್ಯ ಶತ್ರು ಗಾಳಿಯ ತೇವ. ಶೇ 5ರಷ್ಟೇ ನೀರಿನಂಶವಿರುವ ಇನ್‌ಸ್ಟಂಟ್ ಯೀಸ್ಟ್ ತೆರೆದ ಪೊಟ್ಟಣದಲ್ಲಿ ತೇವ ಹೀರಿ, ತಿನ್ನಲು ಏನೂ ಇಲ್ಲದೆ ಎಚ್ಚರಗೊಂಡು ಸತ್ತುಹೋಗುತ್ತದೆ. ಕೊಳ್ಳುವಾಗ ಪೊಟ್ಟಣ ಇಟ್ಟಿಗೆಯಂತೆ ಗಟ್ಟಿಯಾಗಿರಬೇಕು. ಮೆತ್ತಗಿದ್ದರೆ ಒಳಗೆ ಗಾಳಿ ಸೇರಿದೆ. ಅರ್ಧ ಕಿಲೋದ ಪೊಟ್ಟಣ ಅಗ್ಗವೆಂದು ತಂದರೆ ಬಿಗಿ ಮುಚ್ಚಳದ ಸಣ್ಣ ಬಾಟಲಿಗಳಿಗೆ ಹಂಚಿ ಫ್ರೀಜರಿನಲ್ಲಿಟ್ಟು, ಬೇಕಾದಷ್ಟು ತೆಗೆದು ಬೆವರುವ ಮೊದಲೇ ಮರಳಿ ಇಡಬೇಕು. ಮಳೆಗಾಲದಲ್ಲಿ ಮೈದಾವೂ ತೇವ ಹೀರಿರುವುದರಿಂದ ನೀರನ್ನು ಒಂದೆರಡು ಚಮಚ ಇಳಿಸುವುದು ಒಳ್ಳೆಯದು. ಘಟ್ಟದ ಬುಡದ ಕಾರ್ಕಳದಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು ತಂಪು. ಅಲ್ಲಿ ಆಗ ಪೂರ್ತಿ ಚಮಚ, ನಲ್ಲಿಯ ನೀರು ಸಾಕು. ಗುಡ್ಡದ ಮೇಲಿನ ಮಣಿಪಾಲದ ಫ್ಲ್ಯಾಟುಗಳಲ್ಲಿ ಹವಾನಿಯಂತ್ರಣ ಹಾಕಿದ ಕೋಣೆಯಲ್ಲಿ ಯಂತ್ರ ಇಟ್ಟವರು ಮಾತ್ರ ಕೈಪಿಡಿಯ ಅಳತೆಯನ್ನೇ ನೆಚ್ಚಬಹುದು.

ಅಂಗಡಿಯ ಯೀಸ್ಟೇ ಯಾಕೆ, ನಮ್ಮಲ್ಲೇ ಹುದುಗಿನ ಸಂಪತ್ತು ಇಲ್ಲವೇ ಎಂಬ ಪ್ರಶ್ನೆಯನ್ನು ಗೌರವದಿಂದಲೇ ಕೇಳಿಸಿಕೊಳ್ಳಬೇಕು. ಇಡ್ಲಿ ಹಿಟ್ಟನ್ನು ಉಬ್ಬಿಸುವುದರಲ್ಲಿ ದೊಡ್ಡ ಪಾಲು ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾದ್ದು. ಅದು ಹುಳಿಯನ್ನೂ ಕೊಡುವುದರಿಂದ ನಾವು ಬಯಸುವ ಬ್ರೆಡ್ಡಿಗೆ ಹೊಂದದು. ಮಂಗಳೂರು ಬನ್ಸ್ ಬಾಳೆಹಣ್ಣು, ಮೊಸರು, ಸೋಡಾದಿಂದ ಉಬ್ಬುತ್ತದೆ, ಅದರ ದಾರಿಯೇ ಬೇರೆ. ನಿಜವಾದ ಬಂಧು ಕಳ್ಳು. ಶಿರ್ವ, ಕಲ್ಯಾಣಪುರ, ಅತ್ತೂರು ಕಡೆಯ ಕ್ರೈಸ್ತ ಮನೆಗಳಲ್ಲಿ ಇಡ್ಲಿಯಂಥ ಸನ್ನ ಉಬ್ಬುತ್ತಿದ್ದುದು ಮೂರ್ತೆದಾರರು ತೆಂಗಿನಿಂದಲೋ ತಾಳೆಯಿಂದಲೋ ಇಳಿಸಿಕೊಟ್ಟ ಕಳ್ಳಿನಿಂದಲೇ, ಗೋವೆಯ ಪಾವ್ ಕೂಡ ಹಿಂದೆ ಹಾಗೆಯೇ ಉಬ್ಬುತ್ತಿತ್ತು. ಕಳ್ಳಿನಲ್ಲಿ ಇದೇ ಸ್ಯಾಕರೊಮೈಸಿಸ್ ಇದೆ. ಜತೆಗೆ ಹುಳಿ ಬರಿಸುವ ಬ್ಯಾಕ್ಟೀರಿಯಾಗಳೂ ಇವೆ, ಇಳಿಸಿದ ಗಂಟೆಗಂಟೆಗೂ ಅದರ ಬಲ ಬದಲಾಗುತ್ತದೆ. ಸನ್ನದ ಹಿಟ್ಟನ್ನು ನೋಡುತ್ತ ಕೂತವರಿಗೆ ಇದು ತೊಡಕಲ್ಲ, ಗಡಿಯಾರ ಮಾತ್ರ ಬಲ್ಲ ಯಂತ್ರಕ್ಕೆ ತೊಡಕು. ಹಾಗೆಂದು ಬಿಡಬೇಕಿಲ್ಲ. ಹೆಚ್ಚಿನ ಯಂತ್ರಗಳಲ್ಲಿ ಬರೇ ನಾದುವ ಕ್ರಮ ಒಂದಿದೆ, ಹಲವುಗಳಲ್ಲಿ ಬರೇ ಬೇಯಿಸುವ ಕ್ರಮವೂ ಇದೆ. ಬೆಳಗಿನ ತಾಜಾ ಕಳ್ಳನ್ನು ನೀರಿನ ಬದಲಿಗೆ ಹಾಕಿ ನಾದಿಸಿ ಯಂತ್ರ ನಿಲ್ಲಿಸಿ, ಹಿಟ್ಟು ಇಮ್ಮಡಿಯಾಗುವವರೆಗೆ ಕಾದು, ಬೆರಳೊತ್ತಿದ ಗುಳಿ ನಿಧಾನವಾಗಿ ತುಂಬಿಕೊಳ್ಳತೊಡಗಿದಾಗ ಬೇಯಿಸುವ ಗುಂಡಿ ಒತ್ತಿದರೆ ಕಳ್ಳಿನ ಬ್ರೆಡ್ಡೂ ಇದೇ ಪಾತ್ರೆಯಲ್ಲಿ ಆಗುತ್ತದೆ.