ಕೆಂಪು ಭೂಪಟವೂ ಒಂದು ರೈಲುಹಾದಿಯೂ

ಮೊದಲನೆಯ ಮಹಾಯುದ್ಧ ಮುಗಿದು 1919ರ ಜನವರಿಯಲ್ಲಿ ಪ್ಯಾರಿಸ್ಸಿನ ಶಾಂತಿಸಮ್ಮೇಳನವು ಪ್ರಾರಂಭವಾದಾಗ, ಮುರಿದುಬಿದ್ದ ಸಾಮ್ರಾಜ್ಯಗಳ ನೆಲದಲ್ಲಿ ಹೊಸ ರಾಷ್ಟ್ರಗಳ ಎಲ್ಲೆಗಳನ್ನು ಗೊತ್ತುಮಾಡುವ ಹೊಣೆಯು, ಆ ನಾಡುಗಳನ್ನು ಬಹುಮಟ್ಟಿಗೆ ಕಣ್ಣಾರೆ ಕಂಡಿರದ ರಾಜಕಾರಣಿಗಳ ಪಾಲಿಗೆ ಬಂದಿತು. ಅವರ ಬೆನ್ನ ಹಿಂದೆ ಪಂಡಿತರ ಒಂದು ಸೈನ್ಯವೇ ನಿಂತಿತ್ತು. ಅಮೆರಿಕದ ಅಧ್ಯಕ್ಷ ವಿಲ್ಸನ್ನರು 1917ರಲ್ಲಿಯೇ ನೇಮಿಸಿದ್ದ, ಸುಮಾರು 150 ಮಂದಿ ವಿದ್ವಾಂಸರ ಅಧ್ಯಯನಮಂಡಲಿಯು ನ್ಯೂಯಾರ್ಕಿನ ಭೂಗೋಳಸಂಘದ ಕಟ್ಟಡದಲ್ಲಿ ಕುಳಿತು, ಆ ಸಂಘದ ನಿರ್ದೇಶಕ ಐಸಾಯಾ ಬೋಮನ್ನರ ನೆರವಿನಿಂದ ಭೂಪಟಗಳನ್ನು ಸಿದ್ಧಪಡಿಸಿತ್ತು. ಫ್ರಾನ್ಸಿಗೆ ಎಮಾನ್ಯುಯೆಲ್ ದ ಮಾರ್ತೋನ್, ಸರ್ಬಿಯಕ್ಕೆ ಯೋವಾನ್ ತ್ಸ್ವಿಯಿಚ್, ಪೋಲೆಂಡಿಗೆ ಎವುಗೇನಿಯುಷ್ ರೋಮರ್ ಇದ್ದರು. ಇವರೆಲ್ಲರೂ ನಿಜವಾದ ವಿದ್ವಾಂಸರು. ತಮ್ಮ ತಮ್ಮ ಪಕ್ಷದ ನ್ಯಾಯದಲ್ಲಿ ಅಷ್ಟೇ ದೃಢವಾದ ನಂಬಿಕೆಯುಳ್ಳವರು. ಈ ಎರಡು ಗುಣಗಳೂ ಒಬ್ಬನಲ್ಲಿಯೇ ಕೂಡಿದಾಗ ಕಾಗದದ ಮೇಲೆ ಏನಾಗುತ್ತದೆ ಎಂಬುದಕ್ಕೆ ಹಂಗರಿಯ ಪ್ರಕರಣಕ್ಕಿಂತ ಸ್ಪಷ್ಟವಾದ ನಿದರ್ಶನವು ನನಗೆ ತಿಳಿಯದು.

ಹಂಗರಿಯ ಭೂಗೋಳಶಾಸ್ತ್ರಜ್ಞನಾದ ಕೌಂಟ್ ಪಾಲ್ ಟೆಲೆಕಿಯು 1910ರ ಖಾನೇಷುಮಾರಿಯ ಅಂಕಿಗಳನ್ನು ಆಧರಿಸಿ ರಚಿಸಿದ ಭೂಪಟದಲ್ಲಿ ಹಂಗೇರಿಯನ್ನರಿಗೆ ಉಜ್ಜ್ವಲವಾದ ಕೆಂಪು ಬಣ್ಣವನ್ನು ಕೊಟ್ಟಿದ್ದನು. ಅದಕ್ಕೆ 'ಕೆಂಪು ಭೂಪಟ'ವೆಂದೇ ಹೆಸರಾಯಿತು. ಸಾಮಾನ್ಯವಾದ ಜನಾಂಗಪಟದಲ್ಲಿ ಒಂದು ಪ್ರದೇಶದ ಬಹುಸಂಖ್ಯಾತರ ಬಣ್ಣವನ್ನು ಆ ಪ್ರದೇಶಕ್ಕೆಲ್ಲ ಹಚ್ಚುವುದು ವಾಡಿಕೆ. ಹೀಗಾಗಿ ಜನರೇ ಇಲ್ಲದ ಬೆಟ್ಟವೂ ಯಾರೋ ಒಬ್ಬರ ನೆಲವಾಗಿ ತೋರುತ್ತದೆ. ಟೆಲೆಕಿಯಾದರೋ ನೂರು ಮಂದಿಗೆ ಒಂದು ಚದರ ಮಿಲಿಮೀಟರಿನಷ್ಟು ಬಣ್ಣವೆಂದು ಲೆಕ್ಕ ಹಾಕಿ, ಜನವಸತಿ ವಿರಳವಾದ ಎಡೆಗಳನ್ನು ಬಿಳಿಯಾಗಿಯೇ ಬಿಟ್ಟನು. ಕ್ರಮವು ಶಾಸ್ತ್ರಸಮ್ಮತವಾದದ್ದೇ. ಆದರೆ ಹಂಗರಿಯೂ ರುಮೇನಿಯವೂ ತಮ್ಮದೆಂದು ವಾದಿಸುತ್ತಿದ್ದ ಟ್ರಾನ್ಸಿಲ್ವೇನಿಯದ ಬೆಟ್ಟಸೀಮೆಯಲ್ಲಿ ಚದುರಿ ವಾಸಿಸುತ್ತಿದ್ದವರು ಹೆಚ್ಚಾಗಿ ರುಮೇನಿಯನ್ನರು, ಕಿಕ್ಕಿರಿದ ಪಟ್ಟಣಗಳಲ್ಲಿದ್ದವರು ಹೆಚ್ಚಾಗಿ ಹಂಗೇರಿಯನ್ನರು. ಆದ್ದರಿಂದ ಪಟವನ್ನು ಬಿಡಿಸಿದೊಡನೆ ಬಿಳುಪಿನ ನಡುವೆ ಕೆಂಪೇ ಕಣ್ಣನ್ನು ತುಂಬುತ್ತಿತ್ತು. ಅತ್ತ ರುಮೇನಿಯದ ಪಕ್ಷದವರು, ಪಟ್ಟಣಗಳು ಆಳುವವರ ಒತ್ತಾಯದಿಂದ ಹಂಗೇರಿಯನ್ ಆದವು, ನಾಡಿನ ನಿಜಸ್ವರೂಪವಿರುವುದು ಹಳ್ಳಿಗಳಲ್ಲಿ ಎಂದು ವಾದಿಸಿದರು. ಯಾರ ಅಂಕಿಯೂ ಸುಳ್ಳಾಗಿರಲಿಲ್ಲ. ಮನುಷ್ಯನನ್ನು ಎಣಿಸಬೇಕೋ ನೆಲವನ್ನು ಅಳೆಯಬೇಕೋ ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡವನಿಗೆ ಬಣ್ಣವು ವಿಧೇಯವಾಗಿ ಉತ್ತರವನ್ನು ಕೊಡುತ್ತಿತ್ತು.

ಕಡೆಗೆ ಗೆರೆಯನ್ನು ನಿರ್ಣಯಿಸಿದ್ದು ಭಾಷೆಯೊಂದೇ ಅಲ್ಲ. ಬೆಟ್ಟಗಳಿಂದಿಳಿಯುವ ಕಣಿವೆಗಳು ಬಯಲಿಗೆ ಬಾಯ್ದೆರೆಯುವ ಎಡೆಯಲ್ಲಿ ಸಾತು ಮಾರೆ, ಒರಾದಿಯಾ, ಅರಾದ್ ಎಂಬ ಊರುಗಳು ಸಾಲಾಗಿವೆ. ಅವುಗಳನ್ನು ಕೂಡಿಸುವ ರೈಲುಹಾದಿಯು ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತದೆ. ಆ ಹಾದಿ ರುಮೇನಿಯದ ಕೈತಪ್ಪಿದರೆ ಒಂದು ಕಣಿವೆಯವರು ಪಕ್ಕದ ಕಣಿವೆಗೆ ಹೋಗುವುದೂ ಕಷ್ಟ, ಸರಕು ಸಾಗುವುದಂತೂ ದೂರವೇ ಉಳಿಯಿತು. ರಾಷ್ಟ್ರವೆಂದ ಮೇಲೆ ಅದು ಬದುಕಲು ಶಕ್ತವಾಗಿರಬೇಕೆಂಬ ಈ ವಾದವು, ದ ಮಾರ್ತೋನ್ನರು ಬಲವಾಗಿ ಹಿಡಿದ ವಾದವು, ಗೆದ್ದಿತು. ಹಾದಿಯೊಡನೆ ಹಂಗೇರಿಯನ್ನರು ಬಹುಸಂಖ್ಯಾತರಾಗಿದ್ದ ಆ ಊರುಗಳೂ ರುಮೇನಿಯಕ್ಕೆ ಸೇರಿದವು. 1920ರ ಜೂನ್ 4ರ ಟ್ರಿಯಾನೊನ್ ಒಪ್ಪಂದದಿಂದ ಹಂಗರಿಯು ತನ್ನ ಭೂಭಾಗದ ಮೂರರಲ್ಲಿ ಎರಡು ಪಾಲನ್ನು ಕಳೆದುಕೊಂಡಿತು. ಸುಮಾರು 30 ಲಕ್ಷ ಹಂಗೇರಿಯನ್ನರು ಮನೆಯನ್ನು ಬಿಟ್ಟು ಕದಲದೆಯೇ ಪರರಾಜ್ಯದವರಾದರು.

ಜನರನ್ನೇ ಕೇಳಬಹುದಾಗಿತ್ತಲ್ಲವೇ ಎಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ. ಕೆಲವೆಡೆ ಕೇಳಿದರು. ಆಸ್ಟ್ರಿಯದ ದಕ್ಷಿಣದಲ್ಲಿರುವ ಕ್ಲಾಗನ್‌ಫರ್ಟ್ ಸೀಮೆಯ ಒಂದು ವಲಯದಲ್ಲಿ ಹೆಚ್ಚಿನವರ ಮಾತು ಸ್ಲೊವೀನ್ ಆಗಿದ್ದುದರಿಂದ ಭಾಷಾಪಟವು ಆ ನೆಲವನ್ನು ಯುಗೋಸ್ಲಾವಿಯದ್ದೆಂದು ಸಾರುತ್ತಿತ್ತು. ಆದರೆ 1920ರ ಅಕ್ಟೋಬರಿನಲ್ಲಿ ಮತ ಹಾಕಿದ ಜನರಲ್ಲಿ ನೂರಕ್ಕೆ 59 ಮಂದಿ ಆಸ್ಟ್ರಿಯವನ್ನು ಆರಿಸಿಕೊಂಡರು. ಅವರ ಸಂತೆ, ಪೇಟೆ, ದಾರಿಗಳೆಲ್ಲ ಕ್ಲಾಗನ್‌ಫರ್ಟ್ ಪಟ್ಟಣದ ಕಡೆಗಿದ್ದವು. ಇಂತಹ ಮತಗಣನೆಯು ಎಲ್ಲ ವಿವಾದಗ್ರಸ್ತ ನಾಡುಗಳಿಗೂ ದೊರೆಯದೆ ಹೋದದ್ದು ಆ ಸಮ್ಮೇಳನದ ಮಹಾಲೋಪವೆಂದು ನಾನು ಭಾವಿಸುತ್ತೇನೆ. ಜನರ ಮತವನ್ನು ಕೇಳದೆಡೆ ಭೂಪಟವೇ ಮಾತನಾಡಿತು; ಒಳ್ಳೆಯ ಭಿತ್ತಿಪತ್ರವು ಮಾಡುವ ಕೆಲಸವನ್ನೇ ಭೂಪಟವೂ ಮಾಡಿತೆಂದು, ಪಟವೆಂಬ ಮಾತ್ರಕ್ಕೆ ಅದನ್ನು ಜನ ನಂಬಿದರೆಂದು, ಬೋಮನ್ನರೇ ತರುವಾಯ ಬರೆದರು.

ಟೆಲೆಕಿಯ ಕಥೆಗೆ ಉತ್ತರಭಾಗವೊಂದುಂಟು. 1940ರ ಆಗಸ್ಟಿನಲ್ಲಿ, ಅವನು ಪ್ರಧಾನಮಂತ್ರಿಯಾಗಿದ್ದಾಗ, ಜರ್ಮನಿ ಮತ್ತು ಇಟಲಿಗಳು ವಿಯೆನ್ನಾದಲ್ಲಿ ಹೊಸ ಗೆರೆಯನ್ನೆಳೆದು ಟ್ರಾನ್ಸಿಲ್ವೇನಿಯದ ಉತ್ತರಭಾಗವನ್ನು ಹಂಗರಿಗೆ ಮರಳಿ ಕೊಡಿಸಿದವು. ಆ ಗೆರೆಯೊಳಗೆ ಈಗ ಹತ್ತು ಲಕ್ಷಕ್ಕೂ ಮೀರಿದ ರುಮೇನಿಯನ್ನರು ಸಿಕ್ಕಿಕೊಂಡರು. ಅದು ಟ್ರಾನ್ಸಿಲ್ವೇನಿಯದೊಳಗಿನ ರೈಲುಹಾದಿಯನ್ನೂ ಕತ್ತರಿಸಿದ್ದರಿಂದ, ಪೂರ್ವದ ಮೂಲೆಯಲ್ಲಿ ಹಂಗೇರಿಯನ್ನರೇ ನಿಬಿಡವಾಗಿದ್ದ ಸೆಕೆಯ್ ಸೀಮೆಗೆ ಹೋಗಲು ಹಂಗರಿಗೆ ತನ್ನದೇ ನೆಲದಲ್ಲಿ ಅಖಂಡವಾದ ಹಾದಿಯಿಲ್ಲದಂತಾಯಿತು. ಹಂಗರಿಯು ಬೆಟ್ಟಗುಡ್ಡಗಳ ನಡುವೆ ಹೊಸ ಹಳಿಗಳನ್ನು ಹಾಕಿ 1942ರಲ್ಲಿ ಆ ಸಂಪರ್ಕವನ್ನು ಕೂಡಿಸಿತು. 1947ರ ಪ್ಯಾರಿಸ್ ಒಪ್ಪಂದವು ಗಡಿಯನ್ನು ಮತ್ತೆ ಟ್ರಿಯಾನೊನ್ನಿನ ಗೆರೆಗೇ ತಂದಿತು. ಹಳಿಗಳು ರುಮೇನಿಯದ ಪಾಲಾದವು.